ನೆರಳು ಗಾಜಿನ ಹೊರಗಿರಲಿ

ಮನೆ ಕಟ್ಟಿಸುವವರು ನನ್ನ ಆಫೀಸಿಗೆ ಬಂದ ಕೂಡಲೇ ಸೋಲಾರ್ ಬಗ್ಗೆ ಕೇಳುತ್ತಾರೆ. ಹಾಕಿಸಿ, ಒಳ್ಳೆಯದೇ. ಆದರೆ ಅವರೇ ತಂದ ನಕ್ಷೆಯಲ್ಲಿ ಪಶ್ಚಿಮದ ಗೋಡೆ ತುಂಬ ಗಾಜು! "ಬಿಸಿಲು ಜಾಸ್ತಿಯಾದರೆ ದಪ್ಪ ಪರದೆ ಹಾಕ್ತೀವಿ ಮೇಡಂ." ಪುಣೆಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ ನನಗೆ.

ಪರದೆ ಬೆಳಕನ್ನು ತಡೆಯುತ್ತದೆ, ಶಾಖವನ್ನು ಅಷ್ಟಾಗಿ ತಡೆಯುವುದಿಲ್ಲ. ಬಿಸಿಲು ಆಗಲೇ ಗಾಜು ದಾಟಿ ಒಳಗೆ ಬಂದಿದೆ, ಅಲ್ವಾ? ಅದಕ್ಕೆ ಪರದೆಯೇ ಕಾಯುತ್ತದೆ. ಕಾದ ಬಟ್ಟೆಯಿಂದ ಹೊರಡುವ ಶಾಖ ಬಿಸಿಲಿನ ಹಾಗೆ ಗಾಜನ್ನು ದಾಟಲಾರದು. ಕೋಣೆಯಲ್ಲೇ ಉಳಿಯುತ್ತದೆ. ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರನ್ನು ನೆನೆಸಿಕೊಳ್ಳಿ. ಒಳಗಡೆ ಪರದೆ ಎಳೆದಿದ್ದರೂ ಬಾಗಿಲು ತೆಗೆದರೆ ಝಳ ಮುಖಕ್ಕೆ ರಾಚುತ್ತದೆ. ಅದೇ ಕಾರನ್ನು ಬೇವಿನ ಮರದಡಿ ನಿಲ್ಲಿಸಿ ನೋಡಿ. ಮರ ಗಾಜಿನ ಹೊರಗಿದೆ, ಅಷ್ಟೇ ವ್ಯತ್ಯಾಸ. ಬಿಳಿ ಪರದೆ ಸ್ವಲ್ಪ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಹಾಗಾಗಿ ಏನೇನೂ ಉಪಯೋಗವಿಲ್ಲ ಅನ್ನಲಾರೆ. ಆದರೆ ಅದನ್ನೇ ನಂಬಿ ಗೋಡೆ ಒಡೆದು ಗಾಜು ಕೂರಿಸಬೇಡಿ.

ಕೇಂದ್ರ ಸರ್ಕಾರದ 2018ರ ಇಕೋ ನಿವಾಸ್ ಸಂಹಿತೆ, ಅಂದರೆ ವಾಸದ ಕಟ್ಟಡಗಳಲ್ಲಿ ಇಂಧನ ಉಳಿಸುವ ನಿಯಮಾವಳಿ, ನಮ್ಮಂಥ ಊರುಗಳಲ್ಲಿ ಗೋಡೆ, ಕಿಟಕಿಗಳಿಂದ ಒಳಬರುವ ಶಾಖಕ್ಕೆ ಚದರ ಮೀಟರಿಗೆ 15 ವಾಟ್ ಮಿತಿ ಹಾಕಿದೆ. ಆ ಲೆಕ್ಕದಲ್ಲಿ ಹೊರಗಿನ ನೆರಳಿಗೆ ಜಾಗವಿದೆ. ಒಳಗಿನ ಪರದೆಗೆ ಇಲ್ಲ.

ದಕ್ಷಿಣದ ಕಿಟಕಿ ಸುಲಭ. ಮೇ ತಿಂಗಳ ನಡುಹಗಲಿನಲ್ಲಿ ಪುಣೆಯ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ, ಸಾಧಾರಣ ಸಜ್ಜಾ ಸಾಕು. ಪಶ್ಚಿಮದಲ್ಲಿ ನಾಲ್ಕರ ಮೇಲೆ ಅವನು ಸಜ್ಜಾದ ಕೆಳಗಿನಿಂದಲೇ ಒಳಗೆ ಬರುತ್ತಾನೆ. ಅಲ್ಲಿ ಕಿಟಕಿ ಚಿಕ್ಕದಿರಲಿ, ಹೊರಗೆ ತೂತುಗಳಿರುವ ಜಾಲಿ ಗೋಡೆಯೋ ಬಿದಿರಿನ ತಟ್ಟಿಯೋ ಇರಲಿ. ಫ್ಲಾಟಾದರೆ ಮೊದಲು ಸೊಸೈಟಿಯನ್ನು ಕೇಳಿ. ಎತ್ತರದ ಮಹಡಿಯಾದರೆ ಗಾಳಿಗೆ ಕಿತ್ತು ಬೀಳದ ಹಾಗೆ ಬಿಗಿಸುವುದು ಬಲ್ಲವರ ಕೆಲಸ. ಮನೆ ನೋಡದೆ ನಾನು ಇದಕ್ಕಿಂತ ಹೆಚ್ಚು ಹೇಳಲಾರೆ.

ಪುಣೆಯ ಬಾವಧನ್‌ನಲ್ಲಿ ವಿಜಯಪುರದ ಕುಟುಂಬವೊಂದಿದೆ. ಸೂರ್ಯಾಸ್ತ ಕಾಣಬೇಕೆಂದು ಹತ್ತಡಿ ಗಾಜು ಹಾಕಿಸಿದ್ದರು. ಎರಡನೇ ಎಸಿ ತರುವ ಮೊದಲು ನನ್ನನ್ನು ಕರೆದರು. ನಾನು ಬಾಯಿ ತೆಗೆಯುವ ಮೊದಲೇ ಮನೆಯ ಅಜ್ಜಿ ಹೇಳಿದರು: "ಯವ್ವಾ, ನಮ್ಮೂರಾಗ ಪಡಸಾಲಿಗೆ ಹೊರಗಿಂದ ತಟ್ಟಿ ಕಟ್ಟತಿದ್ವಿ. ಇವ್ರು ನನ್ನ ಮಾತು ಕೇಳಂಗಿಲ್ಲ." ಅದನ್ನೇ ಮಾಡಿಸಿದೆ. ಎರಡನೇ ಎಸಿ ಬರಲಿಲ್ಲ. ಈಗ ಅಜ್ಜಿ ಮಧ್ಯಾಹ್ನವೆಲ್ಲ ಅಲ್ಲೇ ಕೂತು ಮೆಂತ್ಯೆ ಸೊಪ್ಪು ಸೋಸುತ್ತಾರೆ. ಆರೂವರೆಗೆ ಮೊಮ್ಮಗ ಬಂದು ತಟ್ಟಿ ಸುತ್ತಿಡುತ್ತಾನೆ.