32 ಅಕ್ಷರ ಉದುರಿಹೋದ ಜೀನ್

1982ರಲ್ಲಿ ಅಮೆರಿಕದ ಕಲಾವಿದ ಸ್ಟೀಫನ್ ಕ್ರೋನ್ ತಮ್ಮ ಸಂಗಾತಿಯನ್ನು ಕಳೆದುಕೊಂಡರು. ಏಡ್ಸ್ ಅನ್ನೋ ಹೆಸರೇ ಆಗ ಹೊಸದು. ಮುಂದಿನ ವರ್ಷಗಳಲ್ಲಿ ಗೆಳೆಯರೂ ಒಬ್ಬೊಬ್ಬರಾಗಿ ಹೋದರು. ಕ್ರೋನ್‌ಗೆ ಮಾತ್ರ ಏನೂ ಆಗಲಿಲ್ಲ. ಸೋಂಕು ತಗುಲುವ ಸಂದರ್ಭಗಳು ಅವರಿಗೇನೂ ಕಡಿಮೆ ಇರಲಿಲ್ಲ. ಅದೃಷ್ಟ ಅಂತ ಸುಮ್ನಿರದೆ, ನನ್ನನ್ನೇ ಪರೀಕ್ಷೆ ಮಾಡಿ ನೋಡಿ ಎಂದು ವಿಜ್ಞಾನಿಗಳನ್ನು ಕೇಳುತ್ತಾ ಬಂದರು.

ಕೊನೆಗೆ ಕೇಳಿಸಿಕೊಂಡವರು ನ್ಯೂಯಾರ್ಕಿನ ಆರನ್ ಡೈಮಂಡ್ ಏಡ್ಸ್ ಸಂಶೋಧನಾ ಕೇಂದ್ರದ ಬಿಲ್ ಪ್ಯಾಕ್ಸ್‌ಟನ್. ಕ್ರೋನ್ ರಕ್ತದಿಂದ ಸಿಡಿ4 ಕೋಶಗಳನ್ನು (ಎಚ್‌ಐವಿ ನುಗ್ಗುವ ರೋಗನಿರೋಧಕ ಕೋಶಗಳು ಇವು) ತೆಗೆದು, ಅವುಗಳ ಮೇಲೆ ಎಚ್‌ಐವಿ ಬಿಟ್ಟರು. ಸೋಂಕು ಹತ್ತಲಿಲ್ಲ. ಇನ್ನಷ್ಟು ಬಿಟ್ಟರು. ಊಹೂಂ.

ಉತ್ತರ ಸಿಕ್ಕಿದ್ದು 1996ರಲ್ಲಿ. ಕೋಶದೊಳಗೆ ನುಗ್ಗಲು ಎಚ್‌ಐವಿಗೆ ಅದರ ಹೊರಮೈ ಮೇಲಿನ ಸಿಡಿ4 ಪ್ರೋಟೀನ್ ಒಂದೇ ಸಾಲದು, ಸಾಮಾನ್ಯವಾಗಿ ಸಿಸಿಆರ್5 ಎಂಬ ಇನ್ನೊಂದು ಪ್ರೋಟೀನಿನ ಹಿಡಿಕೆಯೂ ಬೇಕು ಎಂದು ಆ ವರ್ಷ ಗೊತ್ತಾಯಿತು. ಕ್ರೋನ್ ಕೋಶಗಳ ಮೇಲೆ ಆ ಹಿಡಿಕೆಯೇ ಇರಲಿಲ್ಲ. ಅವರ ಸಿಸಿಆರ್5 ಜೀನ್‌ನಲ್ಲಿ ಡಿಎನ್‌ಎಯ 32 ಅಕ್ಷರ ಉದುರಿಹೋಗಿದ್ದವು. ಕೋಶ ಜೀನನ್ನು ಮೂರು ಮೂರು ಅಕ್ಷರ ಸೇರಿಸಿ ಓದುತ್ತದೆ. 32 ಮೂರರಿಂದ ಭಾಗವಾಗೋದಿಲ್ಲ, ಅಲ್ವಾ? ಹಾಗಾಗಿ ಅಲ್ಲಿಂದ ಮುಂದೆ ಓದು ಪೂರ್ತಿ ಕಲಸಿಹೋಗುತ್ತದೆ. ಪ್ರೋಟೀನ್ ಅರ್ಧಕ್ಕೇ ನಿಂತು, ಕೋಶದ ಹೊರಮೈ ತಲುಪೋದೇ ಇಲ್ಲ.

ಅಪ್ಪ, ಅಮ್ಮ ಇಬ್ಬರಿಂದಲೂ ಈ ಕೆಟ್ಟ ಪ್ರತಿಯೇ ಬಂದರೆ ಬಹುತೇಕ ಪೂರ್ತಿ ರಕ್ಷಣೆ. ಬಹುತೇಕ ಅಂದಿದ್ದಕ್ಕೆ ಕಾರಣ ಇದೆ: ಸಿಎಕ್ಸ್‌ಸಿಆರ್4 ಎಂಬ ಬೇರೆ ಬಾಗಿಲಿನಿಂದ ನುಗ್ಗುವ ಎಚ್‌ಐವಿ ತಳಿಗಳೂ ಇವೆ. ಒಂದೇ ಕೆಟ್ಟ ಪ್ರತಿ ಇದ್ದವರಿಗೆ ಸೋಂಕು ತಗುಲುತ್ತದೆ, ಆದರೆ ಕಾಯಿಲೆ ನಿಧಾನವಾಗಿ ಬೆಳೆಯುತ್ತದೆ.

ಈ ಕಥೆ ಎಷ್ಟು ಚೆನ್ನಾಗಿದೆಯೆಂದರೆ, ಅದರ ಮಿತಿ ನಮಗೆ ಮರೆತೇಹೋಗುತ್ತದೆ. ಎರಡೂ ಪ್ರತಿ ಹೀಗಿರುವವರು ಉತ್ತರ ಯುರೋಪಿನ ಮೂಲದವರಲ್ಲೇ ನೂರಕ್ಕೆ ಒಬ್ಬರು. ಎಚ್‌ಐವಿ ಜಾಸ್ತಿ ಕಾಡಿದ ಆಫ್ರಿಕಾದಲ್ಲಿ ಈ ಬದಲಾವಣೆ ಇಲ್ಲವೆನ್ನುವಷ್ಟು ಅಪರೂಪ. ಆದರೂ ನೈರೋಬಿಯ ಪುಮ್ವಾನಿಯಲ್ಲಿ, 1980ರ ದಶಕದಿಂದ ವೈದ್ಯರು ಗಮನಿಸುತ್ತಾ ಬಂದ ಲೈಂಗಿಕ ಕಾರ್ಯಕರ್ತೆಯರಲ್ಲಿ ಕೆಲವರಿಗೆ ವರ್ಷಗಟ್ಟಲೆ ಸೋಂಕು ತಗುಲಲಿಲ್ಲ. ಅವರ ಸಿಸಿಆರ್5 ಬಾಗಿಲು ಸರಿಯಾಗೇ ಇತ್ತು.

ಸೋಂಕು ತಗುಲಿದ ಮೇಲೂ ಔಷಧವಿಲ್ಲದೆ ವೈರಸ್ಸನ್ನು ಹತೋಟಿಯಲ್ಲಿಡುವ ಕೆಲವರಿದ್ದಾರೆ. 2010ರಲ್ಲಿ ಅಂಥವರ ಜೀನೋಮ್ ಜಾಲಾಡಿದಾಗ ಮುಖ್ಯ ಸುಳಿವೆಲ್ಲ ಎಚ್‌ಎಲ್‌ಎ ಜೀನ್‌ಗಳ ಸುತ್ತಲೇ ಸಿಕ್ಕಿತು. ವೈರಸ್ಸಿನ ತುಣುಕನ್ನು ಹಿಡಿದು ರೋಗನಿರೋಧಕ ಕೋಶಗಳಿಗೆ ತೋರಿಸುವ ಪ್ರೋಟೀನ್‌ಗಳು ಇವು. ಬಿ57, ಬಿ27 ಎಂಬ ಬಗೆಗಳು ವೈರಸ್ಸಿನ ಆಯಕಟ್ಟಿನ ತುಣುಕುಗಳನ್ನೇ ಹಿಡಿಯುತ್ತವೆ. ಅವನ್ನು ಬದಲಿಸಿಕೊಂಡು ತಪ್ಪಿಸಿಕೊಳ್ಳಲು ಹೋದರೆ ವೈರಸ್ಸಿಗೇ ಪೆಟ್ಟು. ಬಿ35 ಇರುವ ಕೆಲವರಲ್ಲಿ ಮಾತ್ರ ಕಾಯಿಲೆ ಬೇಗ ಬಿಗಡಾಯಿಸುತ್ತದೆ.

ಆದರೂ ಎಲ್ಲರ ಕಣ್ಣು ಸಿಸಿಆರ್5 ಮೇಲೇ. ಆ ಬಾಗಿಲಿಗೆ ಅಡ್ಡ ಹಾಕುವ ಮರಾವಿರಾಕ್ ಮಾತ್ರೆಗೆ 2007ರಲ್ಲಿ ಅನುಮತಿ ಸಿಕ್ಕಿತು. ಅದೇ ವರ್ಷ ಬರ್ಲಿನ್‌ನಲ್ಲಿ ಎಚ್‌ಐವಿ ಇದ್ದ ಟಿಮೊಥಿ ರೇ ಬ್ರೌನ್ ಅವರಿಗೆ ರಕ್ತದ ಕ್ಯಾನ್ಸರ್‌ಗೆಂದು, ರಕ್ತ ತಯಾರಿಸುವ ಸ್ಟೆಮ್ ಸೆಲ್‌ಗಳ ಕಸಿ ಆಯಿತು. ಎರಡೂ ಪ್ರತಿ ಕೆಟ್ಟಿದ್ದ ದಾನಿಯನ್ನೇ ವೈದ್ಯ ಗೀರೊ ಹ್ಯೂಟರ್ ಹುಡುಕಿ ತಂದಿದ್ದರು. ಬ್ರೌನ್ ಎಚ್‌ಐವಿಯಿಂದ ಗುಣವಾದ ಮೊದಲ ವ್ಯಕ್ತಿ. 2018ರಲ್ಲಿ ಚೀನಾದ ವಿಜ್ಞಾನಿ ಹ ಜಿಯಾನ್‌ಕುಯಿ ಇದೇ ಜೀನನ್ನು ಭ್ರೂಣಗಳಲ್ಲೇ ತಿದ್ದಿದ್ದಾಗಿ ಹೇಳಿಕೊಂಡು ಜೈಲು ಸೇರಿದರು. ಅದು ಶುದ್ಧ ಅವಿವೇಕ. ಈ ಜೀನ್ ಕೆಟ್ಟವರಲ್ಲಿ ವೆಸ್ಟ್ ನೈಲ್ ವೈರಸ್ ಕಾಯಿಲೆಯ ಅಪಾಯ ಜಾಸ್ತಿ ಅಂತ ಅಷ್ಟರಲ್ಲಾಗಲೇ ಗೊತ್ತಿತ್ತು.

2023ರಲ್ಲಿ ಜಿನೀವಾದಿಂದ ಇನ್ನೊಂದು ಸುದ್ದಿ ಬಂತು. ಕಸಿಯಾದ ಮೇಲೆ ಔಷಧ ನಿಲ್ಲಿಸಿದ್ದ ರೋಗಿಯೊಬ್ಬರಲ್ಲಿ ಒಂದೂವರೆ ವರ್ಷ ದಾಟಿದರೂ ವೈರಸ್ ಮರಳಿರಲಿಲ್ಲ. ಅವರ ದಾನಿಯ ಸಿಸಿಆರ್5ನಲ್ಲಿ 32 ಅಕ್ಷರಗಳೂ ಇದ್ದವು.