ಗೆಣಸಿನ ಬ್ರೆಡ್ ಯಾಕೆ ಉಬ್ಬುವುದಿಲ್ಲ?

"ಮೇಡಂ, ಗೆಣಸಿನ ಹಿಟ್ಟಲ್ಲಿ ಬ್ರೆಡ್ ಮಾಡಿದೆ, ಇಟ್ಟಿಗೆ ಥರ ಆಗಿದೆ. ಯೀಸ್ಟ್ ಇನ್ನೊಂದು ಚಮಚ ಹಾಕಲಾ?"

ಸಂಕ್ರಾಂತಿ ಮುಗಿದ ವಾರ ನಮ್ಮ ಚಿಕ್ಕಬಳ್ಳಾಪುರದ ಕಡೆಯಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. ಅವರೆಕಾಯಿ, ಕಡಲೆಕಾಯಿ ಜೊತೆ ಬೇಯಿಸಿ ಮಿಕ್ಕ ಗೆಣಸು ಎಲ್ಲರ ಮನೆಯಲ್ಲೂ ಇರುತ್ತದೆ, ಅಲ್ವಾ? ಎಷ್ಟು ಸಲ ಹೇಳಿದರೂ ತಪ್ಪು ಮಾತ್ರ ಯೀಸ್ಟ್ ತಲೆಗೇ. ಹಾಗಾಗಿ ಪೂರ್ತಿ ಬರೆದುಬಿಡುತ್ತೇನೆ.

ಯೀಸ್ಟ್ ಜಾಸ್ತಿ ಹಾಕಬೇಡಿ. ಅದು ತನ್ನ ಕೆಲಸ ಮಾಡಿದೆ, ಗಾಳಿ ಬಿಟ್ಟಿದೆ. ಆ ಗಾಳಿಯನ್ನು ಹಿಡಿದಿಡುವ ಶಕ್ತಿ ನಿಮ್ಮ ಹಿಟ್ಟಿಗೆ ಇಲ್ಲ.

ಒಬ್ಬಟ್ಟಿನ ಕಣಕ ನೆನಪಿಸಿಕೊಳ್ಳಿ. ಮೈದಾನೋ ಚಿರೋಟಿ ರವೆಯೋ ಕಲಸಿ, ಎಣ್ಣೆ ಹಾಕಿ ನಾದಿ, ಒಂದೆರಡು ಗಂಟೆ ನೆನೆಸಿದ ಕಣಕವನ್ನು ಬೆರಳಲ್ಲಿ ಎಳೆದರೆ ರಬ್ಬರಿನ ಹಾಗೆ ಬರುತ್ತದೆ, ಹೂರಣ ತುಂಬಿ ತಟ್ಟಿದರೂ ಹರಿಯುವುದಿಲ್ಲ. ಈಗ ರಾಗಿ ಮುದ್ದೆಯ ಒಂದು ತುತ್ತು ಎಳೆಯಿರಿ. ಪಟ್ಟನೆ ಮುರಿಯುತ್ತದೆ. ವ್ಯತ್ಯಾಸ ಇಷ್ಟೇ: ಗೋಧಿಯ ಪ್ರೋಟೀನು ನೀರು ಸೇರಿ ನಾದಿದಾಗ ಗ್ಲುಟೆನ್ ಅನ್ನುವ ಬಲೆಯಾಗುತ್ತದೆ, ಗಾಳಿ ಆ ಬಲೆಯಲ್ಲಿ ಸಿಕ್ಕಿ ಬ್ರೆಡ್ ಉಬ್ಬುತ್ತದೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಗೆಣಸು, ಮರಗೆಣಸು, ಸುವರ್ಣಗೆಡ್ಡೆ, ಕೆಸವಿನ ಗೆಡ್ಡೆ, ಯಾವುದರಲ್ಲೂ ಇಲ್ಲ. ಡಬಲ್ ಯೀಸ್ಟ್ ಸುರಿದರೆ ಹುಳಿ ವಾಸನೆ ಬರುತ್ತದೆ ಅಷ್ಟೇ.

ಹಾಗಾದರೆ ಏನು ಮಾಡೋದು? ಗೆಣಸಿನ ಹಿಟ್ಟು ಬಿಡಿ, ಬೇಯಿಸಿ ಹಿಸುಕಿದ ಗೆಣಸನ್ನೇ ಹಾಕಿ. ಅರ್ಧ ಕೆಜಿ ಗೋಧಿ ಹಿಟ್ಟಿಗೆ ಅಥವಾ ಮೈದಾಗೆ 150 ಗ್ರಾಂ ಸಾಕು. ಗೆಣಸಿನಲ್ಲೇ ಮುಕ್ಕಾಲು ಭಾಗ ನೀರಿರುತ್ತದೆ, ಆದ್ದರಿಂದ ನೀರು ಕೊನೆಗೆ, ಚೂರು ಚೂರೇ. ಬಿಸ್ಕತ್ತಿಗೆ ಈ ಹಿಗ್ಗುವ ಗುಣ ಬೇಕಿಲ್ಲ, ಅಲ್ಲಿ ರಾಗಿ ಹಿಟ್ಟಿನ ಜೊತೆ ಧಾರಾಳವಾಗಿ ಹಾಕಿ. ಆಫ್ರಿಕಾದ ರುವಾಂಡಾದಲ್ಲಿ ಕಿತ್ತಳೆ ಗೆಣಸಿನ ಬಿಸ್ಕತ್ತನ್ನು ಫ್ಯಾಕ್ಟರಿಯಲ್ಲೇ ಮಾಡಿ ಮಾರುತ್ತಾರೆ. ಮರಗೆಣಸು ಮಾತ್ರ ಹಸಿಯಾಗಿ ತುರಿದು ಹಾಕಲೇಬೇಡಿ, ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇದೆ. ಸಿಪ್ಪೆ ದಪ್ಪಗೆ ತೆಗೆದು, ಚೆನ್ನಾಗಿ ಬೇಯಿಸಿ, ಆ ನೀರು ಚೆಲ್ಲಿ.

ಪೌಷ್ಟಿಕಾಂಶ ಅಂತ ಹುಡುಕುವವರು ತಿರುಳಿನ ಬಣ್ಣ ನೋಡಿ. ನಮ್ಮ ಸಂತೆಗೆ ಬರುವುದು ಹೆಚ್ಚಾಗಿ ಬಿಳಿ ತಿರುಳಿನದು, ಅದರಲ್ಲಿ ಬೀಟಾ ಕ್ಯಾರೋಟಿನ್ ತೀರಾ ಕಡಿಮೆ. ಮಕ್ಕಳ ಕಣ್ಣಿಗೆ ಬೇಕಾದ ವಿಟಮಿನ್ ಎ ಆಗುವುದು ಅದೇ. ತಿರುವನಂತಪುರದ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ 'ಭೂ ಸೋನಾ' ಅನ್ನುವ ಕಿತ್ತಳೆ ತಳಿ ಕೊಟ್ಟಿದೆ, ಬಳ್ಳಿ ಸಿಕ್ಕರೆ ಹಿತ್ತಲಲ್ಲಿ ನೆಡಿ. ಜೊತೆಗೆ ತುಪ್ಪವೋ ಎಣ್ಣೆಯೋ ಸ್ವಲ್ಪ ಇರಲಿ, ಜಿಡ್ಡಿಲ್ಲದೆ ಅದು ಮೈಗೆ ಹತ್ತುವುದಿಲ್ಲ.

ಅಂದ ಹಾಗೆ, ಕೆಂಡದಲ್ಲಿ ಸುಟ್ಟ ಗೆಣಸು ಕುಕ್ಕರಿನದಕ್ಕಿಂತ ಯಾಕೆ ಸಿಹಿ ಅಂತ ಯಾರೂ ಕೇಳುವುದೇ ಇಲ್ಲ! ಗೆಣಸಿನೊಳಗೆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಇದೆ. ಸುಮಾರು 60ರಿಂದ 75 ಡಿಗ್ರಿ ಬಿಸಿಯಲ್ಲಿ ಅದು ಜೋರಾಗಿ ಕೆಲಸ ಮಾಡುತ್ತದೆ. ಕುಕ್ಕರು ಆ ಬಿಸಿಯನ್ನು ಬೇಗ ದಾಟಿಬಿಡುತ್ತದೆ. ಬೂದಿ ಮುಚ್ಚಿದ ಕೆಂಡದಲ್ಲಿ ನಿಧಾನವಾಗಿ ಬೇಯುವಾಗ ಅದಕ್ಕೆ ಪುರುಸೊತ್ತು ಸಿಗುತ್ತದೆ, ಸಿಪ್ಪೆ ಬಿರಿದ ಕಡೆ ಪಾಕ ಜಿನುಗಿ ಕಪ್ಪಗೆ ಅಂಟಿರುತ್ತದಲ್ಲ, ಅದೇ. ಓವನ್ನಿನಲ್ಲಿ ಸಣ್ಣ ಬಿಸಿಯಲ್ಲಿಟ್ಟರೂ ಆಗುತ್ತದೆ. ಹಾಗೆ ಬೆಂದದ್ದನ್ನು ಬನ್ನಿಗೆ ಹಾಕುವುದಾದರೆ ಬೆಲ್ಲ ಅರ್ಧ ಸಾಕು.