ವಟ್ಟ: 'ಫೀ ಸೊನ್ನೆ' ಅಂದಾಗ ಕೇಳಬೇಕಾದ ಹಳೇ ಪದ

ಅಕ್ಕನ ಮಗ ದುಬೈಗೆ ಹೋಗಿ ಏಳು ತಿಂಗಳಾಯಿತು. ಮೊದಲ ಸಲ ಮನೆಗೆ ಸ್ವಲ್ಪ ದೊಡ್ಡ ಮೊತ್ತ ಕಳಿಸುವ ಮುಂಚೆ ನನಗೆ ಫೋನ್ ಮಾಡಿದ. "ಮಾವ, ಒಳ್ಳೇ ಆಪ್ ಸಿಕ್ಕಿದೆ. ಫೀ ಸೊನ್ನೆ. ಒಂದು ಪೈಸೆ ಹಿಡಿಯಲ್ಲ" ಅಂದ. ನಾನು ಹಾಸನದ ಮನೆಯ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. "ಫೀ ಸೊನ್ನೆ, ಸರಿ ಕಣೋ. ವಟ್ಟ ಎಷ್ಟು?" ಅಂದೆ. ಆ ಕಡೆ ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ, "ವಟ್ಟ ಅಂದ್ರೆ?"

ತಪ್ಪು ಅವನದಲ್ಲ. ಈ ಪದ ಈಗ ಯಾರ ಬಾಯಲ್ಲೂ ಇಲ್ಲ. ವಟ್ಟ ಹಿಡಿಯುವವರು ಮಾತ್ರ ಚೆನ್ನಾಗಿಯೇ ಇದ್ದಾರೆ.

ಒಂದು ಬಗೆಯ ಹಣವನ್ನು ಇನ್ನೊಂದು ಬಗೆಯ ಹಣಕ್ಕೆ ಬದಲಾಯಿಸಿ ಕೊಡುವವನು ಮಧ್ಯದಲ್ಲಿ ಹಿಡಿದುಕೊಳ್ಳುವ ಪಾಲೇ ವಟ್ಟ. ಹಿಂದಿಯ 'ಬಟ್ಟಾ' ಇದರ ನೆಂಟ. ಕನ್ನಡ ಮಾಧ್ಯಮದಲ್ಲಿ ಕಾಮರ್ಸ್ ಓದಿದವರಿಗೆ 'ಹುಂಡಿ ವಟಾಯಿಸುವುದು' ನೆನಪಿರಬಹುದು. ಹುಂಡಿ ಅಂದರೆ ಇಂಥ ದಿನ ಇಷ್ಟು ದುಡ್ಡು ಕೊಡಬೇಕು ಅಂತ ಬರೆದ ವ್ಯಾಪಾರದ ಪತ್ರ. ವಾಯಿದೆ ಮುಗಿಯುವ ಮುಂಚೆಯೇ ಅದನ್ನು ಕೊಟ್ಟು, ಅದರಲ್ಲಿ ಬರೆದಿರುವುದಕ್ಕಿಂತ ಸ್ವಲ್ಪ ಕಡಿಮೆ ದುಡ್ಡು ತಗೊಳ್ಳುವುದು. ಆ ಕಡಿಮೆಯಾದದ್ದೂ ವಟ್ಟವೇ.

ಒಂದು ಕಾಲದಲ್ಲಿ ನಮ್ಮ ಸಂತೆಗಳಲ್ಲಿ ಒಂದೇ ತರದ ನಾಣ್ಯ ಓಡಾಡುತ್ತಿರಲಿಲ್ಲ. ವರಹ, ಕಂಠೀರಾಯಿ ಹಣ, ಆಮೇಲೆ ಕಂಪನಿ ರೂಪಾಯಿ. ಒಂದರ ತೂಕ ಇನ್ನೊಂದಕ್ಕಿಲ್ಲ, ಕೆಲವು ಸವೆದು ಹೋಗಿರುತ್ತಿದ್ದವು. ನಾಣ್ಯ ಪರೀಕ್ಷೆ ಮಾಡಿ ಬದಲಿ ಕೊಡಲು ಚಿನಿವಾರರಿದ್ದರು. ಪತ್ರಿಕೆಯಲ್ಲಿ ಚಿನ್ನ ಬೆಳ್ಳಿ ದರದ ಮೇಲೆ 'ಚಿನಿವಾರ ಪೇಟೆ' ಅಂತ ಇರುತ್ತದಲ್ಲ, ಅದೇ ಚಿನಿವಾರ. ಅವನು ಶುಲ್ಕ ಅಂತ ಬೇರೆ ಕೇಳಬೇಕಾಗಿರಲಿಲ್ಲ. ಹತ್ತಕ್ಕೆ ಹತ್ತು ಕೊಡುವ ಕಡೆ ಸ್ವಲ್ಪ ಕಡಿಮೆ ಕೊಟ್ಟರೆ ಆಯಿತು. ನಮ್ಮಜ್ಜ ಹರಿದ ನೋಟಿಗೂ ಈ ಪದ ಬಳಸುತ್ತಿದ್ದರು. ನೂರರ ಹರಿದ ನೋಟು ಕೊಟ್ಟು ಎಂಬತ್ತು ತಂದರೆ, "ಇಪ್ಪತ್ತು ರೂಪಾಯಿ ವಟ್ಟ ಹೋಯ್ತು" ಅನ್ನುತ್ತಿದ್ದರು.

ಸಕಲೇಶಪುರದ ಕಡೆ ಕಾಫಿ ಮಾರಿದವರಿಗಂತೂ ಇದನ್ನು ವಿವರಿಸುವುದೇ ಬೇಡ. ಐವತ್ತು ಕೆಜಿ ಚೀಲಕ್ಕೆ ಪಕ್ಕದ ಅಂಗಡಿಗಿಂತ ಇನ್ನೂರು ಜಾಸ್ತಿ ಕೊಡ್ತೀನಿ ಅನ್ನುವ ವ್ಯಾಪಾರಿ ಸಿಗುತ್ತಾನೆ. ಖುಷಿಯಿಂದ ಚೀಲ ಇಳಿಸುತ್ತೀರಿ. ಆಮೇಲೆ ತೇವಾಂಶ ಜಾಸ್ತಿ ಅಂತ ಒಂದಿಷ್ಟು, ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ತೂಕ) ಕಡಿಮೆ ಬಂತು ಅಂತ ಒಂದಿಷ್ಟು ಕಳೆಯುತ್ತಾನೆ. ಮನೆಗೆ ಬಂದು ಲೆಕ್ಕ ಹಾಕಿದರೆ ಪಕ್ಕದ ಅಂಗಡಿಯವನೇ ವಾಸಿ. ಅದಕ್ಕೇ ಹಳೇ ಬೆಳೆಗಾರರು ರೇಟು ಕೇಳುವುದಿಲ್ಲ. "ಎಲ್ಲ ಕಳೆದು ಕೈಗೆಷ್ಟು ಕೊಡ್ತೀಯ?" ಅಂತ ಕೇಳುತ್ತಾರೆ. ಹೊರದೇಶದಿಂದ ದುಡ್ಡು ಕಳಿಸುವವರು ಕೇಳಬೇಕಾದ್ದೂ ಇದನ್ನೇ.

ವಟ್ಟ ಲೆಕ್ಕ ಹಾಕಬೇಕಾದರೆ ಮೊದಲು ನಿಜವಾದ ರೇಟು ಗೊತ್ತಿರಬೇಕು. ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲೇ ಡಾಲರ್ ಕೊಳ್ಳುವ ದರ ಒಂದು, ಮಾರುವ ದರ ಒಂದು. ಎರಡರ ನಟ್ಟನಡುವಿನದನ್ನು ಮಿಡ್ ಮಾರ್ಕೆಟ್ ರೇಟ್ ಅನ್ನುತ್ತಾರೆ. ಗೂಗಲ್‌ನಲ್ಲಿ 'ಒಂದು ದಿರ್ಹಮ್‌ಗೆ ಎಷ್ಟು ರೂಪಾಯಿ' ಅಂತ ಹುಡುಕಿದಾಗ ಕಾಣುವುದು ಹೆಚ್ಚುಕಮ್ಮಿ ಅದೇ. ಆ ರೇಟಿಗೂ ನಿಮಗೆ ಕೊಡುವ ರೇಟಿಗೂ ಇರುವ ವ್ಯತ್ಯಾಸವೇ ಇವತ್ತಿನ ವಟ್ಟ. ಈಗಿನವರು ಮಾರ್ಜಿನ್ ಅಂತಲೋ ಮಾರ್ಕಪ್ ಅಂತಲೋ ಕರೆಯುತ್ತಾರೆ. ರಸೀದಿಯಲ್ಲಿ ಸಾಮಾನ್ಯವಾಗಿ ಇದಕ್ಕೆ ಬೇರೆ ಸಾಲೇ ಇರುವುದಿಲ್ಲ. ರೇಟಿನೊಳಗೆ ಸೇರಿಕೊಂಡಿರುತ್ತದೆ.

ಹುಡುಗನಿಗೆ ಫೋನಿನಲ್ಲೇ ಲೆಕ್ಕ ಹೇಳಿದೆ. ಸುಲಭವಾಗಲಿ ಅಂತ ಮಾರುಕಟ್ಟೆ ರೇಟು ದಿರ್ಹಮ್‌ಗೆ 24 ರೂಪಾಯಿ ಅಂದುಕೊಳ್ಳೋಣ. ನೀನು ಕಳಿಸುವುದು 4,000 ದಿರ್ಹಮ್. ವಟ್ಟ, ಫೀ ಏನೂ ಇಲ್ಲದಿದ್ದರೆ ಅಮ್ಮನ ಕೈಗೆ 96,000 ರೂಪಾಯಿ ಬರಬೇಕು. ನಿನ್ನ ಫೀ ಸೊನ್ನೆಯ ಆಪ್ 23.60 ರೇಟು ಕೊಡುತ್ತದೆ ಅಂತಿಟ್ಟುಕೋ. ಬರುವುದು 94,400. ಅಂದರೆ ಸದ್ದಿಲ್ಲದೆ 1,600 ರೂಪಾಯಿ ಹೋಯಿತು. ಪಕ್ಕದ ಬೀದಿಯ ಎಕ್ಸ್‌ಚೇಂಜ್‌ನವರು 20 ದಿರ್ಹಮ್ ಫೀ ಹಿಡಿದು 23.90 ರೇಟು ಕೊಟ್ಟರೆ? 3,980 ದಿರ್ಹಮ್‌ಗೆ 95,122 ರೂಪಾಯಿ. ಫೀ ಹಿಡಿದವನೇ 722 ರೂಪಾಯಿ ಜಾಸ್ತಿ ಕೊಟ್ಟ.

"ಹಾಗಾದ್ರೆ ಯಾವಾಗಲೂ ಎಕ್ಸ್‌ಚೇಂಜೇ ಒಳ್ಳೇದಾ ಮಾವ?"

ಇಲ್ಲ. ಇದೇ ಲೆಕ್ಕವನ್ನು 400 ದಿರ್ಹಮ್‌ಗೆ ಹಾಕಿದರೆ ತಿರುಗಿಬೀಳುತ್ತದೆ. ಆಪ್‌ನಲ್ಲಿ 9,440 ರೂಪಾಯಿ ಬರುತ್ತದೆ, ಎಕ್ಸ್‌ಚೇಂಜ್‌ನಲ್ಲಿ 9,082. ಫೀ ಮೊತ್ತ ನೋಡುವುದಿಲ್ಲ, ಚಿಕ್ಕದಕ್ಕೂ ಇಪ್ಪತ್ತೇ, ದೊಡ್ಡದಕ್ಕೂ ಇಪ್ಪತ್ತೇ. ವಟ್ಟ ಮೊತ್ತದ ಜೊತೆಗೇ ಬೆಳೆಯುತ್ತದೆ. ಈ ಅಂಕಿಗಳಲ್ಲಾದರೆ ಸುಮಾರು 1,600 ದಿರ್ಹಮ್ ಹತ್ತಿರ ಎರಡೂ ಸಮವಾಗುತ್ತವೆ. ಹಾಗಾಗಿ ಪ್ರತಿ ತಿಂಗಳು ಚೂರುಚೂರು ಕಳಿಸುವವನಿಗೆ ಒಂದು ದಾರಿ, ವರ್ಷಕ್ಕೊಮ್ಮೆ ಮನೆಸಾಲಕ್ಕೆ ಕಟ್ಟುವವನಿಗೆ ಇನ್ನೊಂದು. ಗೆಳೆಯ ಹೇಳಿದ ಅಂತ ಸುಮ್ನೆ ಅದೇ ಆಪ್‌ಗೆ ಅಂಟಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ಸಂಗತಿ ಬಹಳ ಜನರಿಗೆ ಹೊಳೆಯುವುದಿಲ್ಲ. ದುಡ್ಡು ಎಲ್ಲಿ ರೂಪಾಯಿ ಆಗುತ್ತದೆ ಅನ್ನುವುದು. ಗಲ್ಫ್‌ನ ಎಕ್ಸ್‌ಚೇಂಜ್‌ಗಳು ಭಾರತದ ಬ್ಯಾಂಕುಗಳಲ್ಲಿ ಮೊದಲೇ ರೂಪಾಯಿ ಖಾತೆ ಇಟ್ಟುಕೊಂಡಿರುತ್ತವೆ. ರಿಸರ್ವ್ ಬ್ಯಾಂಕ್ ಒಪ್ಪಿದ ಈ ವ್ಯವಸ್ಥೆಗೆ ರುಪೀ ಡ್ರಾಯಿಂಗ್ ಅರೇಂಜ್‌ಮೆಂಟ್ ಅಂತ ಹೆಸರು. ನೀವು ಅಲ್ಲಿ ದಿರ್ಹಮ್ ಕೊಟ್ಟರೆ, ಇಲ್ಲಿನ ಆ ಖಾತೆಯಿಂದ ಹಾಸನದ ಖಾತೆಗೆ ರೂಪಾಯಿ ಬರುತ್ತದೆ. ವಟ್ಟ ಏನಿದ್ದರೂ ಅಲ್ಲೇ ಮುಗಿಯಿತು. ಹಾಗಲ್ಲದೆ ಡಾಲರನ್ನು ಡಾಲರಾಗಿಯೇ ಕಳಿಸಿದರೆ, ಇಲ್ಲಿನ ಬ್ಯಾಂಕು ಅದನ್ನು ರೂಪಾಯಿ ಮಾಡುತ್ತದೆ. ಆಗ ವಟ್ಟ ಈ ಬ್ಯಾಂಕಿನದು. ಜೊತೆಗೆ ಜಿಎಸ್‌ಟಿ ಬೇರೆ. ಒಂದು ಲಕ್ಷ ರೂಪಾಯಿಯ ಬದಲಾವಣೆಗೆ 180 ರೂಪಾಯಿ. ಕಳಿಸಿದವನು ಅಲ್ಲಿ "ಫೀ ಇಲ್ಲ" ಅಂತ ಬೀಗುತ್ತಿರುತ್ತಾನೆ, ಕೊಯ್ಲು ಇಲ್ಲಿ ನಡೆದಿರುತ್ತದೆ.

ಇಲ್ಲಿನ ಬ್ಯಾಂಕು ಯಾವ ರೇಟು ಹಾಕುತ್ತದೆ? ಬ್ಯಾಂಕುಗಳು ದಿನವೂ ಒಂದು ಪಟ್ಟಿ ಹೊರಡಿಸುತ್ತವೆ. ಅದಕ್ಕೆ ಕಾರ್ಡ್ ರೇಟ್ ಅನ್ನುತ್ತಾರೆ. ಅದರಲ್ಲಿ ಟಿಟಿ ಬೈಯಿಂಗ್, ಟಿಟಿ ಸೆಲ್ಲಿಂಗ್ ಅಂತ ಎರಡು ಕಾಲಂ. ಇಲ್ಲಿ ಜನ ಎಡವುತ್ತಾರೆ. ಕೊಳ್ಳುವುದು, ಮಾರುವುದು ಎಲ್ಲ ಬ್ಯಾಂಕಿನ ಕಡೆಯಿಂದ. ನಿಮ್ಮ ಡಾಲರ್ ಒಳಗೆ ಬಂದರೆ ಬ್ಯಾಂಕು ಕೊಳ್ಳುತ್ತಿದೆ, ಹಾಗಾಗಿ ಬೈಯಿಂಗ್ ರೇಟ್, ಅದು ಕಡಿಮೆ. ಮಗಳ ಫೀಸಿಗೆ ಯೂರೋ ಹೊರಗೆ ಹೋಗಬೇಕಾದರೆ ಬ್ಯಾಂಕು ಮಾರುತ್ತಿದೆ, ಆಗ ಸೆಲ್ಲಿಂಗ್ ರೇಟ್, ಅದು ಜಾಸ್ತಿ. ಅಂದಹಾಗೆ ಟಿಟಿ ಅಂದರೆ ಟೆಲಿಗ್ರಾಫಿಕ್ ಟ್ರಾನ್ಸ್‌ಫರ್. ನಮ್ಮ ದೇಶದ ಟೆಲಿಗ್ರಾಂ ಸೇವೆ 2013ರ ಜುಲೈನಲ್ಲೇ ನಿಂತುಹೋಯಿತು. ಬ್ಯಾಂಕಿನ ಪಟ್ಟಿಯಲ್ಲಿ ಮಾತ್ರ ತಂತಿ ಇನ್ನೂ ಕಟಕಟ ಅನ್ನುತ್ತಿದೆ.

ಹೊರಗೆ ಕಳಿಸುವವರಿಗೂ ಒಂದು ಮಾತು ಹೇಳಿಬಿಡುತ್ತೇನೆ, ಚಿಕ್ಕಮಗಳೂರಿನ ಗೆಳೆಯರೊಬ್ಬರು ಮಗಳನ್ನು ಓದಲು ಕಳಿಸಿ ಇದರಲ್ಲೇ ತಲೆ ಕೆಡಿಸಿಕೊಂಡಿದ್ದರು. ರಿಸರ್ವ್ ಬ್ಯಾಂಕಿನ ಲಿಬರಲೈಸ್ಡ್ ರೆಮಿಟೆನ್ಸ್ ಸ್ಕೀಮ್ ಅಡಿಯಲ್ಲಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು. 2004ರಲ್ಲಿ ಶುರುವಾದಾಗ ಮಿತಿ ಇದ್ದದ್ದು 25,000. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೇಲೆ ಟಿಸಿಎಸ್, ಅಂದರೆ ಕಳಿಸುವಾಗಲೇ ಮುಂಗಡವಾಗಿ ತೆರಿಗೆ, ಹಿಡಿಯುವ ನಿಯಮವಿದೆ. ಟಿಸಿಎಸ್ ವಟ್ಟವಲ್ಲ, ರಿಟರ್ನ್ ಹಾಕುವಾಗ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಅದರ ಗಾಬರಿಯಲ್ಲಿ ವಟ್ಟ ಮರೆತುಹೋಗುತ್ತದೆ. ಯೂರೋಗೆ ಎರಡು ರೂಪಾಯಿ ವ್ಯತ್ಯಾಸ ಅಂದರೆ 10,000 ಯೂರೋಗೆ 20,000 ರೂಪಾಯಿ, ಅದು ವಾಪಸ್ ಬರುವ ದುಡ್ಡಲ್ಲ. ದೊಡ್ಡ ಮೊತ್ತವಾದರೆ ಕಾರ್ಡ್ ರೇಟಿಗೆ ಒಪ್ಪಿಕೊಳ್ಳಬೇಕಾಗಿಲ್ಲ. ಮ್ಯಾನೇಜರ್ ಹತ್ತಿರ ಹೋಗಿ "ಸರ್, ಟ್ರೆಷರಿಯಲ್ಲಿ ಕೇಳಿ ಒಳ್ಳೇ ರೇಟು ಕೊಡಿಸಿ" ಅನ್ನಬೇಕು. ಟ್ರೆಷರಿ ಅಂದರೆ ಬ್ಯಾಂಕಿನೊಳಗೆ ಕರೆನ್ಸಿ ವ್ಯವಹಾರ ನೋಡಿಕೊಳ್ಳುವ ವಿಭಾಗ. ಕೇಳಿದವರಿಗೆ ಸಿಗುವುದುಂಟು. ನನ್ನ ಗೆಳೆಯರಿಗೆ ಎರಡನೇ ಸೆಮಿಸ್ಟರಿನಲ್ಲಿ ಸಿಕ್ಕಿತು. ಮೊದಲನೆಯದರಲ್ಲಿ ಅವರು ಕೇಳಿರಲಿಲ್ಲ.

ವಟ್ಟವೂ ಅಲ್ಲದ, ಫೀಯೂ ಅಲ್ಲದ ಇನ್ನೊಂದು ಕಡಿತವಿದೆ. ಅದನ್ನು ನಾನು ಅನುಭವಿಸಿಯೇ ಕಲಿತೆ. ಶಾರ್ಜಾದಲ್ಲಿದ್ದಾಗ ಒಂದು ಸಲ ಬ್ಯಾಂಕಿನಿಂದಲೇ 1,000 ಡಾಲರ್ ಕಳಿಸಿದ್ದೆ. ಫೀ ಬೇರೆಯಾಗಿ ಕಟ್ಟಿದ್ದೆ. ಅಪ್ಪ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದು, ಕನ್ನಡಕ ಏರಿಸಿ ಲೆಕ್ಕ ಹಾಕಿ, "978 ಡಾಲರಿನಷ್ಟೇ ಬಂದಿರೋದು, ಉಳಿದಿದ್ದು ಏನಾಯ್ತೋ?" ಅಂದರು. ನಾನು ಇಲ್ಲಿನ ಬ್ಯಾಂಕನ್ನು ಬೈದೆ, ಅವರು ಅಲ್ಲಿಯದನ್ನು ತೋರಿಸಿದರು. ಇಬ್ಬರೂ ತಗೊಂಡಿರಲಿಲ್ಲ. 1973ರಲ್ಲಿ ಬೆಲ್ಜಿಯಂನಲ್ಲಿ ಶುರುವಾದ, ಬ್ಯಾಂಕುಗಳ ನಡುವಿನ ಸ್ವಿಫ್ಟ್ ಜಾಲ ಬರೀ ಸಂದೇಶ ಒಯ್ಯುತ್ತದೆ, ದುಡ್ಡು ಒಯ್ಯುವುದಿಲ್ಲ. ದುಡ್ಡು ಕರೆಸ್ಪಾಂಡೆಂಟ್ ಅನ್ನುವ ಮಧ್ಯದ ಬ್ಯಾಂಕುಗಳ ಖಾತೆ ದಾಟಿ ಬರುತ್ತದೆ, ದಾರಿಯಲ್ಲಿ ಅವು ಒಂದಿಷ್ಟು ಕಡಿಯುತ್ತವೆ. ಆ ಖರ್ಚನ್ನು ಯಾರು ಹೊರಬೇಕು ಅಂತ ಫಾರಂನಲ್ಲಿ ಮೂರು ಆಯ್ಕೆ ಇರುತ್ತದೆ. ಅವರ್ ಅಂದರೆ ಎಲ್ಲ ಕಳಿಸುವವನದು, ಷಾ ಅಂದರೆ ಇಬ್ಬರ ಪಾಲು, ಬೆನ್ ಅಂದರೆ ಪಡೆಯುವವನದೇ. ನಾನು ಏನೂ ಓದದೆ ಷಾ ಮೇಲೆ ಸಹಿ ಹಾಕಿದ್ದೆ.

ವಟ್ಟ ತೀರಾ ಕಡಿಮೆ ಮಾಡಿದ ಒಂದು ಉಪಾಯದ ಕಥೆ ನನಗೆ ಇಷ್ಟ. ಲಂಡನ್‌ನಲ್ಲಿ ಎಸ್ಟೋನಿಯಾದ ಇಬ್ಬರು ಗೆಳೆಯರಿದ್ದರು, ಟಾವೆಟ್ ಹಿನ್ರಿಕುಸ್, ಕ್ರಿಸ್ಟೋ ಕಾರ್ಮನ್. ಒಬ್ಬನಿಗೆ ಸಂಬಳ ಯೂರೋದಲ್ಲಿ, ಖರ್ಚು ಪೌಂಡ್‌ನಲ್ಲಿ. ಇನ್ನೊಬ್ಬನಿಗೆ ಸಂಬಳ ಪೌಂಡ್‌ನಲ್ಲಿ, ಊರಿನ ಮನೆಸಾಲ ಯೂರೋದಲ್ಲಿ. ಇವನು ಅವನ ಲಂಡನ್ ಖಾತೆಗೆ ಪೌಂಡ್ ಹಾಕಿದ, ಅವನು ಇವನ ಎಸ್ಟೋನಿಯಾ ಖಾತೆಗೆ ಯೂರೋ ಹಾಕಿದ, ಆ ದಿನದ ಮಿಡ್ ಮಾರ್ಕೆಟ್ ರೇಟಿಗೆ. ದುಡ್ಡು ಗಡಿಯನ್ನೇ ದಾಟಲಿಲ್ಲ. ಇದನ್ನೇ ಕಂಪನಿ ಮಾಡಿ 2011ರಲ್ಲಿ ಟ್ರಾನ್ಸ್‌ಫರ್‌ವೈಸ್ ಶುರು ಮಾಡಿದರು, ಈಗಿನ ವೈಸ್. ಅಲ್ಲಿ ರೇಟು ಮಾರುಕಟ್ಟೆಯದೇ, ಫೀ ಬೇರೆ ಸಾಲಿನಲ್ಲಿ. ಅಂದರೆ ವಟ್ಟ ಮುಚ್ಚುಮರೆಯಿಲ್ಲದೆ ಫೀ ಆಗಿ ಹೊರಗೆ ಬಂತು.

ಹುಂಡಿ ಅಂತಲೇ ಕರೆಯುವ ಹವಾಲಾದ ಒಳಗುಟ್ಟೂ ಇದೇ ತರ ಅಲ್ವಾ? ಅಲ್ಲಿ ಒಬ್ಬ ದಿರ್ಹಮ್ ತಗೊಳ್ಳುತ್ತಾನೆ, ಇಲ್ಲಿ ಇನ್ನೊಬ್ಬ ರೂಪಾಯಿ ತಂದುಕೊಡುತ್ತಾನೆ. ರೇಟೂ ಬ್ಯಾಂಕಿಗಿಂತ ಒಳ್ಳೆಯದೇ ಕೊಡುತ್ತಾರೆ. ಆದರೆ ವಿದೇಶಿ ವಿನಿಮಯದ 1999ರ ಫೆಮಾ ಕಾಯ್ದೆಯಡಿ ಅದು ಕಾನೂನುಬಾಹಿರ. ಅದು ಹಾಗಿರಲಿ, ಕಾಗದವೇ ಇರುವುದಿಲ್ಲ. ನಾಳೆ ಸೈಟು ಕೊಳ್ಳುವಾಗ "ಈ ದುಡ್ಡು ಎಲ್ಲಿಂದ ಬಂತು" ಅಂದರೆ ತೋರಿಸಲು ಏನಿದೆ? ಬ್ಯಾಂಕಿನ ದಾರಿಯಲ್ಲಿ ಬಂದದ್ದಕ್ಕೆ ಪುರಾವೆ ಇರುತ್ತದೆ. ಅಳಿಯನ ರೂಮಿನಲ್ಲಿ ಯಾರೋ ಈ ಸಲಹೆ ಕೊಟ್ಟಿದ್ದರಂತೆ. ಬೇಡ ಕಣಪ್ಪ ಅಂದೆ.

ಒಂದೆರಡು ಚಿಕ್ಕ ಸಂಗತಿ. ಶನಿವಾರ, ಭಾನುವಾರ ಕರೆನ್ಸಿ ಮಾರುಕಟ್ಟೆ ಮುಚ್ಚಿರುತ್ತದೆ. ಸೋಮವಾರ ರೇಟು ಹೇಗೆ ತೆರೆಯುತ್ತದೋ ಅನ್ನುವ ಭಯಕ್ಕೆ ಕೆಲವರು ವಟ್ಟ ಸ್ವಲ್ಪ ಏರಿಸಿಟ್ಟಿರುತ್ತಾರೆ. ಅವಸರವಿಲ್ಲದಿದ್ದರೆ ಮಂಗಳವಾರದವರೆಗೆ ತಡೆಯಬಹುದು. ದಿರ್ಹಮ್ 1997ರಿಂದ ಡಾಲರಿಗೆ 3.6725 ಅಂತ ಕಟ್ಟಿಹಾಕಿಕೊಂಡಿದೆ, ಹಾಗಾಗಿ ದುಬೈನವರು ಡಾಲರ್ ಸುದ್ದಿ ನೋಡಿದರೆ ಸಾಕು. ಸಿಂಗಪುರದಲ್ಲಿರುವವರಿಗೆ 2023ರ ಫೆಬ್ರವರಿಯಿಂದ ಅಲ್ಲಿನ ಪಾವತಿ ವ್ಯವಸ್ಥೆ ಪೇನೌಗೂ ನಮ್ಮ ಯುಪಿಐಗೂ ನೇರ ಕೊಂಡಿ ಇದೆ. ಅಮೆರಿಕದಲ್ಲಿ 2026ರ ಜನವರಿಯಿಂದ ನಗದು ಕೊಟ್ಟು ಹೊರದೇಶಕ್ಕೆ ಕಳಿಸಿದರೆ ಶೇ 1 ತೆರಿಗೆ, ಬ್ಯಾಂಕ್ ಖಾತೆಯಿಂದ ಕಳಿಸಿದರೆ ಇಲ್ಲ.

ಹುಡುಗ ಎಲ್ಲ ಕೇಳಿಸಿಕೊಂಡು, "ನೋಡ್ತೀನಿ ಮಾವ" ಅಂತ ಫೋನ್ ಇಟ್ಟ. ನನ್ನ ಅವರೆಕಾಯಿ ಅರ್ಧ ಬುಟ್ಟಿ ಬಾಕಿ ಇತ್ತು. ಎರಡು ದಿನ ಬಿಟ್ಟು ವಾಟ್ಸಾಪ್‌ನಲ್ಲಿ ಮೂರು ಸ್ಕ್ರೀನ್‌ಶಾಟ್ ಬಂತು, ಮೂರೂ ಬೇರೆ ಬೇರೆ ಕಡೆಯವು. ಮೂರನೆಯದರ ಮೇಲೆ ಬೆರಳಲ್ಲೇ ಕೆಂಪು ಗೆರೆ ಎಳೆದಿದ್ದ. ಕೆಳಗೆ ಬರೆದಿದ್ದ: "ವಟ್ಟ 210, ಫೀ 360, ಒಟ್ಟು 570. ಕಳಿಸಲಾ ಮಾವ?"